ವಿದ್ಯಾರ್ಥಿ ಗುಂಪುಗಳಲ್ಲಿ ರ‍್ಯಾಗಿಂಗ್: ತಡೆಯ ದಾರಿ, ದೂರಿನ ನಂತರದ ಹೊಣೆ

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಹಾಸ್ಟೆಲ್ ವಾರ್ಡನ್‌ಗಳೇ, ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳೇ,

ಕಾಲೇಜಿನ ಗೇಟಿನಲ್ಲಿ ರ‍್ಯಾಗಿಂಗ್ ನಿಷೇಧದ ಫಲಕ ಇರುತ್ತದೆ. ವಿದ್ಯಾರ್ಥಿಗಳೂ ಪೋಷಕರೂ ಪ್ರತಿ ವರ್ಷ ಮುಚ್ಚಳಿಕೆ ಬರೆದುಕೊಡುತ್ತಾರೆ. ಇವೆರಡೂ ಬೇಕು. ಆದರೆ ಫಲಕ ಓದಿಕೊಂಡೇ ಒಳಗೆ ಬಂದ ಹುಡುಗ ಅದೇ ಸಂಜೆ ಸೀನಿಯರ್‌ಗಳ ಕೋಣೆಗೆ ತಾನಾಗಿಯೇ ಏಕೆ ಹೋಗುತ್ತಾನೆ ಎಂಬುದನ್ನು ಅರ್ಥಮಾಡಿಕೊಳ್ಳದೆ ನಾವು ಮಾಡುವ ಯಾವ ಏರ್ಪಾಡೂ ಫಲ ಕೊಡುವುದಿಲ್ಲವೆಂದು ನಾನು ನಂಬಿದ್ದೇನೆ.

ಅವನು ಹೋಗುವುದು ಅವರಿಂದ ಅವನಿಗೆ ಆಗಬೇಕಾದ ಕೆಲಸವಿದೆಯೆಂದು. ಹಳೆಯ ಪ್ರಶ್ನೆಪತ್ರಿಕೆ ಯಾರ ಬಳಿ ಸಿಗುತ್ತದೆ, ವಿದ್ಯಾರ್ಥಿವೇತನದ ಅರ್ಜಿಗೆ ಯಾರ ಸಹಿ ಬೀಳಬೇಕು, ಹಾಜರಾತಿ ಕಡಿಮೆಯಾದರೆ ಯಾರನ್ನು ಕಾಣಬೇಕು ಎಂಬುದೆಲ್ಲ ಗೊತ್ತಿರುವುದು ಸೀನಿಯರ್‌ಗಳಿಗೆ. ಕಬಡ್ಡಿ ತಂಡಕ್ಕೆ ಸೇರಬೇಕೆಂದರೂ, ನಾಟಕದಲ್ಲಿ ಪಾತ್ರ ಬೇಕೆಂದರೂ, ತನ್ನ ಜಿಲ್ಲೆಯವರ ಜೊತೆ ಕುಳಿತು ಊಟ ಮಾಡಬೇಕೆಂದರೂ ಅವರೇ ಬಾಗಿಲು ತೆರೆಯಬೇಕು. ಗುಂಪು ಈ ನೆರವನ್ನು ಕೊಟ್ಟು ಪ್ರತಿಯಾಗಿ ವಿಧೇಯತೆಯನ್ನು ಕೇಳುತ್ತದೆ. ಮೊದಲು ತಲೆ ತಗ್ಗಿಸಿ ನಿಂತು ‘ಇಂಟ್ರೊ’ ಹೇಳುವುದು, ಆಮೇಲೆ ಅಂಗಡಿಗೆ ಹೋಗಿ ಬರುವುದು, ಆಮೇಲೆ ಅವರ ಲ್ಯಾಬ್ ರೆಕಾರ್ಡ್ ಬರೆದುಕೊಡುವುದು. ಒಂದೊಂದೂ ಸಣ್ಣದಾಗಿ ಕಾಣುವುದರಿಂದ ಎಲ್ಲಿ ಒಲ್ಲೆನೆನ್ನಬೇಕೆಂದು ಹದಿನೆಂಟರ ಹುಡುಗನಿಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವನು ಆಗಲೇ ಬಹಳಷ್ಟಕ್ಕೆ ಹೂಂ ಎಂದಿರುತ್ತಾನೆ.

1996ರಲ್ಲಿ ಚಿದಂಬರಂನ ವೈದ್ಯಕೀಯ ವಿದ್ಯಾರ್ಥಿ ಪೊನ್ ನಾವರಸು ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕೊಲೆಯಾದ ಮೇಲೆ, 1997ರಲ್ಲಿ ತಮಿಳುನಾಡು ಪ್ರತ್ಯೇಕ ನಿಷೇಧ ಕಾಯ್ದೆಯನ್ನು ತಂದಿತು. 2007ರಲ್ಲಿ ಸುಪ್ರೀಂ ಕೋರ್ಟ್ ರ‍್ಯಾಗಿಂಗ್ ತಡೆಯ ಕುರಿತ ಆರ್.ಕೆ. ರಾಘವನ್ ಸಮಿತಿಯ ಶಿಫಾರಸುಗಳನ್ನು ಜಾರಿಗೊಳಿಸಲು ಆದೇಶಿಸಿತು. ಆದರೂ 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ ಅಮನ್ ಕಾಚ್ರೂ ಸೀನಿಯರ್‌ಗಳ ಹೊಡೆತದಿಂದ ಸತ್ತ. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ರ‍್ಯಾಗಿಂಗ್ ತಡೆ ನಿಯಮಾವಳಿ ಬಂತು. ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧವೆಂದು ಕರೆಯುತ್ತದೆ. ತಮಾಷೆಗೆಂದು ಮಾಡಿದರೂ, ವಿದ್ಯಾರ್ಥಿಯ ಮಾನವ ಘನತೆಗೆ ಕುಂದು ತರುವ ಕೆಲಸವನ್ನು ಬೆದರಿಸಿ ಮಾಡಿಸಿದರೆ ಅದು ಆ ವ್ಯಾಖ್ಯೆಯೊಳಗೆ ಬರುತ್ತದೆ. ‘ಸುಮ್ಮನೆ ತಮಾಷೆಗೆ ಸರ್’ ಎಂಬ ಮಾತಿಗೆ ಕಾನೂನು ಅಂದೇ ಉತ್ತರ ಕೊಟ್ಟಿದೆ.

ಗುಂಪಿನ ವಿಷಯಕ್ಕೆ ಮರಳುತ್ತೇನೆ. 2016ರಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಯೊಬ್ಬಳಿಗೆ ಶೌಚಾಲಯ ತೊಳೆಯುವ ದ್ರಾವಣವನ್ನು ಬಲವಂತವಾಗಿ ಕುಡಿಸಿದ ಆರೋಪ ಬಂತು. ಆಕೆಯ ಅನ್ನನಾಳ ಸುಟ್ಟಿತ್ತು. ಆರೋಪಿತರಾದ ಸೀನಿಯರ್‌ಗಳೂ ಕೇರಳದವರೇ. ಭಾಷೆ ಬಾರದ ಊರಿಗೆ ಬಂದ ಹುಡುಗಿ ಮೊದಲು ಹುಡುಕುವುದು ತನ್ನ ಮಾತು ಆಡುವವರನ್ನು. ವಾರ್ಡನ್‌ಗೆ ಆಕೆಯ ಭಾಷೆ ತಿಳಿಯದಿದ್ದರೆ ಅವಳ ಸುಖದುಃಖ ಕೇಳಲು ಅವರ ಹೊರತು ಯಾರೂ ಉಳಿಯುವುದಿಲ್ಲ. ಹೊರರಾಜ್ಯದ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವ ನಮ್ಮ ಕಾಲೇಜುಗಳು ಇದನ್ನು ಗಂಭೀರವಾಗಿ ಯೋಚಿಸಬೇಕು. ಜಾತಿ, ಪ್ರದೇಶ, ಭಾಷೆ, ಮೈಬಣ್ಣ, ಆರ್ಥಿಕ ಹಿನ್ನೆಲೆಗಳ ನೆಪದಲ್ಲಿ ನಡೆಯುವ ದೈಹಿಕ, ಮಾನಸಿಕ ಹಿಂಸೆಯೂ ರ‍್ಯಾಗಿಂಗೇ ಎಂದು ಯುಜಿಸಿ 2016ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಿದೆ.

2024ರ ಫೆಬ್ರವರಿಯಲ್ಲಿ ವಯನಾಡಿನ ಪೂಕೋಡು ಪಶುವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬನ ಸಾವಿನ ಪ್ರಕರಣದ ಆರೋಪಿಗಳಲ್ಲಿ ಕಾಲೇಜು ಯೂನಿಯನ್ನಿನ ಪದಾಧಿಕಾರಿಗಳೂ ಇದ್ದರು. ಇಲ್ಲಿ ಕುಳಿತಿರುವ ಪದಾಧಿಕಾರಿಗಳಿಗೆ ನಾನು ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಹೊಸಬರು ದೂರು ಹೇಳಿಕೊಳ್ಳಬೇಕಾದ ಜಾಗದಲ್ಲಿರುವವರೇ ಹೊಡೆಯುವವರ ಜೊತೆ ನಿಂತರೆ ಆ ಮಗು ಯಾರ ಬಳಿ ಹೋಗಬೇಕು?

ಹಾಗಾದರೆ ತಡೆಯುವುದು ಹೇಗೆ? ಸೀನಿಯರ್‌ಗಳ ಕೋಣೆಯಲ್ಲಿ ಮಾತ್ರ ಸಿಗುವುದನ್ನು ಕಾಲೇಜೇ ಎಲ್ಲರಿಗೂ ಕೊಡಬೇಕು. ಹಳೆಯ ಪ್ರಶ್ನೆಪತ್ರಿಕೆಗಳು ಗ್ರಂಥಾಲಯದಲ್ಲಿ ಕೇಳಿದೊಡನೆ ಸಿಗಲಿ. ತಂಡಗಳ ಆಯ್ಕೆ ಹಗಲಿನಲ್ಲಿ, ಅಧ್ಯಾಪಕರೊಬ್ಬರ ಎದುರು, ಮೊದಲೇ ಪ್ರಕಟಿಸಿದ ದಿನದಂದು ನಡೆಯಲಿ. ಯುಜಿಸಿ ನಿಯಮದಲ್ಲಿ ಆರು ಮಂದಿ ಹೊಸಬರಿಗೆ ಒಬ್ಬ ಮಾರ್ಗದರ್ಶಕ ವಿದ್ಯಾರ್ಥಿ, ಅಂಥ ಆರು ಮಾರ್ಗದರ್ಶಕರ ಮೇಲೆ ಇನ್ನೊಬ್ಬ ಎಂಬ ಏರ್ಪಾಡಿದೆ. ಬಹಳ ಕಡೆ ಇದು ಕಡತದಲ್ಲಷ್ಟೇ ಇದೆ. ನಿಯಮಾವಳಿಯಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ತೋರುವ ಅಂಶವೇ ಇದು, ಏಕೆಂದರೆ ಹಿರಿಯರ ಒಡನಾಟವನ್ನು ಇದು ಕಿತ್ತುಕೊಳ್ಳುವುದಿಲ್ಲ, ಅದಕ್ಕೊಂದು ಹೊಣೆಯನ್ನು ಕಟ್ಟುತ್ತದೆ. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರಿಲ್ಲದ ಸಮೀಕ್ಷೆ ನಡೆಸಬೇಕೆಂದೂ ನಿಯಮ ಹೇಳುತ್ತದೆ. ಆ ಹಾಳೆ ವಿದ್ಯಾರ್ಥಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ವಾರ್ಡನ್ ಅಲ್ಲದ ಬೇರೊಬ್ಬರು ಅದನ್ನು ಓದಲಿ.

ಲ್ಯಾಬ್‌ಗಳಲ್ಲಿ ಪಾಠ ಮಾಡುವವರಿಗೆ ಒಂದು ಮಾತು. ರೆಕಾರ್ಡ್‌ಗೆ ಸಹಿ ಹಾಕುವಾಗ ಮೂರನೆಯ ವರ್ಷದವನ ಪುಸ್ತಕದ ಅಕ್ಷರ ಬೆಳಗ್ಗೆ ನೋಡಿದ ಮೊದಲ ವರ್ಷದ ಹುಡುಗನ ಅಕ್ಷರದಂತೆಯೇ ಇದ್ದರೆ, ಅದೇ ಬಾಗಿದ ‘ಟಿ’, ಅದೇ ನೀಲಿ ಪೆನ್ನು, ಆ ಹುಡುಗನ ಸ್ವಂತ ರೆಕಾರ್ಡ್ ಮಾತ್ರ ಅರ್ಧಕ್ಕೆ ನಿಂತಿದ್ದರೆ, ಅವನು ನಿದ್ದೆ ಮಾಡಿಲ್ಲವೆಂಬುದನ್ನು ನೀವು ಅಲ್ಲೇ ತಿಳಿಯಬಹುದು. ತಡವಾಯಿತೆಂದು ಅವನನ್ನು ಬೈದು ಕಳಿಸುವ ಮೊದಲು ಒಂದು ನಿಮಿಷ ಪಕ್ಕಕ್ಕೆ ಕರೆದು ಮಾತನಾಡಿಸಿ.

ಇನ್ನು ದೂರು ಬಂದಾಗ. ನಮ್ಮಲ್ಲಿ ರೂಢಿಯಾಗಿರುವ ಕ್ರಮವೆಂದರೆ ಇಬ್ಬರನ್ನೂ ಒಂದೇ ಕೋಣೆಗೆ ಕರೆಸಿ, ಕೈಕುಲುಕಿಸಿ, ‘ಅಣ್ಣತಮ್ಮಂದಿರ ಹಾಗೆ ಇರಿ’ ಎಂದು ಬುದ್ಧಿ ಹೇಳಿ ಕಳಿಸುವುದು. ದಯವಿಟ್ಟು ಇದನ್ನು ಬಿಡಿ. ಹೊಡೆದವನ ಮುಂದೆ ಹೊಡೆತದ ವಿವರವನ್ನು ಯಾವ ಮಗುವೂ ಹೇಳಲಾರದು. ದೂರುದಾರನನ್ನು ಬೇರೆಯಾಗಿ ಕೇಳಿ, ಅವನ ಮಾತಿನಲ್ಲೇ ಬರೆದುಕೊಳ್ಳಿ, ಗಾಯವಿದ್ದರೆ ತಕ್ಷಣ ವೈದ್ಯರಲ್ಲಿಗೆ ಕಳಿಸಿ, ಫೋನಿನಲ್ಲಿರುವ ಸಂದೇಶಗಳನ್ನು ಅಳಿಸದಂತೆ ಹೇಳಿ, ಪೋಷಕರಿಗೆ ನೀವೇ ತಿಳಿಸಿ. ಅಪರಾಧದ ಲಕ್ಷಣ ಕಂಡರೆ ಮಾಹಿತಿ ದೊರೆತ 24 ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥರು ಪೊಲೀಸರಿಗೆ ದೂರು ಕೊಡಬೇಕೆಂದು ಯುಜಿಸಿ ನಿಯಮ ವಿಧಿಸಿದೆ. ಕಾಲೇಜಿನ ಹೆಸರು ಕೆಡುತ್ತದೆಂಬ ಅಂಜಿಕೆಗೆ ಅಲ್ಲಿ ಅವಕಾಶವಿಲ್ಲ. ಕಾಲೇಜಿನಲ್ಲಿ ಹೇಳಿಕೊಳ್ಳಲು ಭಯವಾದರೆ ರ‍್ಯಾಗಿಂಗ್ ತಡೆಯ ರಾಷ್ಟ್ರೀಯ ಸಹಾಯವಾಣಿ 1800-180-5522 ಸಂಖ್ಯೆಗೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು. ಅದನ್ನು ಗುರುತಿನ ಚೀಟಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿ.

ದೂರಿನ ನಂತರದ ವಾರಗಳನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಸಮಿತಿ ವರದಿ ಬರೆಯುತ್ತಿರುವಾಗ ಅತ್ತ ಮೆಸ್‌ನಲ್ಲಿ ಆ ಹುಡುಗನ ಮೇಜಿಗೆ ಯಾರೂ ಬಂದು ಕೂರುವುದಿಲ್ಲ, ತರಗತಿಯ ವಾಟ್ಸ್ಆ್ಯಪ್ ಗುಂಪಿನಿಂದ ಅವನನ್ನು ತೆಗೆದಿರುತ್ತಾರೆ, ತಂಡದ ಪಟ್ಟಿಯಿಂದ ಅವನ ಹೆಸರು ಬಿಟ್ಟುಹೋಗಿರುತ್ತದೆ. ಶಿಕ್ಷೆಗಿಂತ ಹೆಚ್ಚಾಗಿ ಈ ಒಂಟಿತನವನ್ನು ಕಂಡೇ ಮುಂದಿನವನು ಬಾಯಿ ಬಿಡುವುದಿಲ್ಲ. ಆದ್ದರಿಂದ ಕೋಣೆ ಬದಲಿಸುವುದಿದ್ದರೆ ಆರೋಪಿತನದನ್ನು ಬದಲಿಸಿ, ದೂರುದಾರನದನ್ನಲ್ಲ. ಅವನ ಹಾಜರಾತಿ, ಆಂತರಿಕ ಅಂಕ, ತಂಡದಲ್ಲಿನ ಸ್ಥಾನ ಇವನ್ನು ಸೆಮಿಸ್ಟರ್ ಮುಗಿಯುವವರೆಗೆ ಒಬ್ಬ ಅಧ್ಯಾಪಕರು ಹೆಸರು ಹಿಡಿದು ನೋಡಿಕೊಳ್ಳಲಿ. ಪದಾಧಿಕಾರಿಗಳೇ, ಮೆಸ್‌ನ ಆ ಮೇಜಿಗೆ ಅಧ್ಯಾಪಕರು ಬಂದು ಕೂರಲಾಗುವುದಿಲ್ಲ, ನೀವು ಕೂರಬಹುದು. ಈ ವರ್ಷ ಅಂಥ ಸಂದರ್ಭ ಬಂದರೆ ಅಲ್ಲಿ ಯಾರು ಹೋಗಿ ಕೂರುತ್ತೀರಿ ಎಂಬುದನ್ನು ಇಂದಿನ ಸಭೆಯಲ್ಲೇ ನಿಮ್ಮೊಳಗೆ ಗೊತ್ತುಮಾಡಿಕೊಳ್ಳಿ.