ಆಪರೇಷನ್ ಆದ ಮೇಲೂ ಚೆಂದದ ಒಳಉಡುಪು ಬೇಕು ಅನ್ನಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಬ್ರಾ ಬಗ್ಗೆ. ಸಭೆಯಲ್ಲಿ, ಮೈಕ್ ಹಿಡಿದು ಈ ಮಾತು ಆಡಿದರೆ ಕೆಲವರಿಗೆ ಮುಜುಗರ ಆಗುತ್ತದೆ, ಗೊತ್ತು. ಆದರೆ ಈ ಮುಜುಗರದಿಂದಲೇ ಎಷ್ಟೋ ಹೆಂಗಸರು ಸ್ತನದ ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ಕಚ್ಚುವ, ಜಾರುವ, ಕೆರೆಯುವ ಬಟ್ಟೆ ಹಾಕಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಮೈಸೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ರವಿಕೆ ಹೊಲಿಸಲು ಬಂದವರಲ್ಲಿ ಕೆಲವರು ಅಳತೆ ಕೊಡುವಾಗ ಮೆಲ್ಲಗೆ, "ಈ ಕಡೆ ಆಪರೇಷನ್ ಆಗಿದೆ ಕಣಮ್ಮ" ಅನ್ನುತ್ತಿದ್ದರು. ಅವರ ರವಿಕೆಯೊಳಗೆ ಕೃತಕ ಸ್ತನ ಇಟ್ಟುಕೊಳ್ಳಲು ಜೇಬು ಹೊಲಿಯುತ್ತಾ, ಅವರ ಬ್ರಾ ತಿದ್ದಿಕೊಡುತ್ತಾ ಈ ಕೆಲಸ ಕಲಿತೆ. ಗಾಯ, ಊತ, ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಬಟ್ಟೆ ವಿಷಯ ಮಾತ್ರ ನನ್ನದು.

2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಂದಾಜು ಮಾಡಿದೆ. ಅಷ್ಟು ಜನ ಇದ್ದರೂ, ಊರಿನ ಸಾಮಾನ್ಯ ಅಂಗಡಿಗೆ ಹೋಗಿ "ಒಳಗೆ ಜೇಬಿರೋ ಬ್ರಾ ಕೊಡಿ" ಅಂದರೆ ಅವರು ನಿಮ್ಮ ಮುಖ ನೋಡುತ್ತಾರೆ. ಎಲ್ಲೋ ಒಂದು ಸಿಕ್ಕರೂ ಅದು ಬ್ಯಾಂಡೇಜ್ ಬಣ್ಣದ್ದು, ದಪ್ಪ ಬಟ್ಟೆಯದ್ದು. ಮನೆಗೆ ಬಂದು ಬೇಜಾರು ಹೇಳಿಕೊಂಡರೆ, "ಜೀವ ಉಳೀತಲ್ಲ, ಅದೇ ದೊಡ್ಡದು" ಅನ್ನುತ್ತಾರೆ. ಜೀವ ಉಳಿದಿದ್ದು ದೊಡ್ಡದೇ, ಯಾರು ಇಲ್ಲ ಅಂದರು? ಉಳಿದ ಜೀವಕ್ಕೆ ದಿನಾ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳಬೇಕು ಅಲ್ವಾ?

"ಈ ವಯಸ್ಸಿನಲ್ಲಿ ಇನ್ನು ಯಾರು ನೋಡಬೇಕು" ಅನ್ನುವ ಮಾತೂ ಇದೆ. ಅರವತ್ತು ದಾಟಿದವರು, ಗಂಡ ತೀರಿಕೊಂಡವರು ತಮಗೆ ತಾವೇ ಇದನ್ನು ಹೇಳಿಕೊಳ್ಳುವುದು ಕೇಳಿದರೆ ನನಗೆ ಸಂಕಟ ಆಗುತ್ತದೆ. ಸ್ನಾನ ಮಾಡಿ ಬಂದು ಕನ್ನಡಿ ಮುಂದೆ ನಿಲ್ಲುವವಳು ನೀವೇ. ನೀವು ನೋಡಿಕೊಳ್ಳುತ್ತೀರಿ. ಅಷ್ಟು ಸಾಕು.

ಅಮೆರಿಕದಲ್ಲಿ ರೂತ್ ಹ್ಯಾಂಡ್ಲರ್ ಅನ್ನುವವರು ಇದ್ದರು. ಬಾರ್ಬಿ ಗೊಂಬೆಯನ್ನು ಜಗತ್ತಿಗೆ ಕೊಟ್ಟವರು. 1970ರಲ್ಲಿ ಅವರ ಒಂದು ಸ್ತನ ತೆಗೆದರು. ದುಡ್ಡಿತ್ತು, ದೊಡ್ಡ ಕಂಪನಿ ಇತ್ತು. ಆದರೂ ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದು ಬ್ರಾ ಒಳಗೆ ತುರುಕಿಕೊಳ್ಳುವ, ಆಕಾರವಿಲ್ಲದ ಒಂದು ಮುದ್ದೆ. ಮಾರುವವರಿಗೇ ನಾಚಿಕೆ. ಎಡಕ್ಕೆ, ಬಲಕ್ಕೆ ಅಂತ ಬೇರೆ ಬೇರೆ ಕೂಡ ಇರಲಿಲ್ಲ. ಅವರು ಅಷ್ಟಕ್ಕೆ ಬಿಡಲಿಲ್ಲ. ತಾವೇ ಮುಂದೆ ನಿಂತು ಎಡ ಬಲ ಬೇರೆ ಬೇರೆಯಾಗಿ, ಬ್ರಾ ಸೈಜಿಗೆ ಸರಿಯಾಗಿ ಕೃತಕ ಸ್ತನ ಮಾಡಿಸಿದರು. ನಿಯರ್ಲಿ ಮೀ ಅಂತ ಅದರ ಹೆಸರು. ಆಪರೇಷನ್ ಆದ ಹೆಂಗಸರನ್ನೇ ಕೆಲಸಕ್ಕೆ ಸೇರಿಸಿಕೊಂಡು, ಅಂಗಡಿ ಅಂಗಡಿಗೆ ಹೋಗಿ ತಾವೇ ಕೂತು ಅಳತೆ ನೋಡಿ ಹಾಕಿಕೊಟ್ಟರು. ಆಗಿನ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್ ಅವರಿಗೆ 1974ರಲ್ಲಿ ಇದೇ ಆಪರೇಷನ್ ಆಗಿತ್ತು. ಅವರಿಗೂ ರೂತ್ ಅವರೇ ಹಾಕಿಕೊಟ್ಟರು. "ಇದು ನನಗೆ ಸಾಲದು" ಅಂತ ಒಬ್ಬರು ಗಟ್ಟಿಯಾಗಿ ಹೇಳಿದ್ದರಿಂದ ಎಷ್ಟೋ ಜನರಿಗೆ ದಾರಿ ಆಯಿತು. ನೀವೂ ಹಾಗೆ ಹೇಳಬೇಕು ಅಂತಲೇ ನಾನು ಬಂದಿರುವುದು.

ಈಗ ಕೆಲಸದ ಮಾತು.

ಆಪರೇಷನ್ ಆದ ಮೊದಲ ವಾರಗಳಲ್ಲಿ ಅವಸರ ಬೇಡ. ಟ್ಯೂಬ್ ಇರುತ್ತದೆ, ಹೊಲಿಗೆ ಇರುತ್ತದೆ, ಕೈ ಮೇಲೆತ್ತಲು ಆಗುವುದಿಲ್ಲ. ಮುಂದೆ ಹುಕ್ ಇರುವ ಮೆತ್ತನೆ ಕಾಟನ್ ಒಳಅಂಗಿ ಸಾಕು. ಹೊರಗೆ ಹೋಗಬೇಕಾದರೆ ಹತ್ತಿ ಅಥವಾ ಫೈಬರ್ ತುಂಬಿದ ಹಗುರವಾದ ದಿಂಬಿನಂಥದ್ದು ಒಳಗಿಟ್ಟುಕೊಳ್ಳಿ. ಭಾರದ ಸಿಲಿಕಾನ್ ಕೃತಕ ಸ್ತನ ಆಮೇಲೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಳೆದು, ಗಾಯ ಪೂರ್ತಿ ಮಾಗಿ, ಡಾಕ್ಟರ್ ಹೂಂ ಅಂದ ಮೇಲೆ. ರೇಡಿಯೇಷನ್ ನಡೆಯುತ್ತಿದ್ದರೆ ಚರ್ಮ ಸುಟ್ಟಂತೆ ಕಪ್ಪಾಗಿ ಉರಿಯುತ್ತಿರುತ್ತದೆ. ರೇಡಿಯೇಷನ್‌ಗಾಗಿ ಮೈಮೇಲೆ ಹಾಕಿದ ಗುರುತು ಬಟ್ಟೆಗೆ ಹತ್ತುತ್ತದೆ. ಆಗ ಹಳೇ ಮೆತ್ತನೆ ಬನಿಯನ್ನೇ ರೇಷ್ಮೆಗಿಂತ ಮೇಲು. ಹೊಸದನ್ನು ಅದೆಲ್ಲ ಮುಗಿದ ಮೇಲೆ ತನ್ನಿ.

ಅಳತೆ ವಿಷಯಕ್ಕೆ ಬರೋಣ. ತುಂಬಾ ಜನರಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಎದೆಯ ಕೆಳಗೆ ಟೇಪ್ ಸುತ್ತಿದರೆ ಕೆಳಪಟ್ಟಿಯ ಅಳತೆ ಸಿಗುತ್ತದೆ, ಅದು ಸುಲಭ. ಆದರೆ ಕಪ್ಪಿಗಾಗಿ ಎದೆಯ ಮೇಲೆ ಪೂರ್ತಿ ಸುತ್ತು ಟೇಪ್ ಹಿಡಿದರೆ, ಒಂದು ಕಡೆ ಚಪ್ಪಟೆ ಇರುವುದರಿಂದ ಅಳತೆ ಕಮ್ಮಿ ಬರುತ್ತದೆ. ಆ ಲೆಕ್ಕದಲ್ಲಿ ತಂದ ಬ್ರಾದಲ್ಲಿ ಇರುವ ಸ್ತನ ಮೇಲಿಂದ ಉಕ್ಕುತ್ತದೆ, ಕೃತಕ ಸ್ತನ ಪಕ್ಕಕ್ಕೆ ತಳ್ಳಿಕೊಂಡು ಕಂಕುಳ ಕಡೆ ಓಡುತ್ತದೆ. ಹೀಗೆ ಮಾಡಿ. ಎದೆಯ ನಡುಮೂಳೆಯ ಮಧ್ಯದಲ್ಲಿ ಟೇಪ್ ಇಟ್ಟು, ಇರುವ ಸ್ತನದ ಮೇಲೆ ಹಾಯಿಸಿ, ಬೆನ್ನುಮೂಳೆಯ ಮಧ್ಯದವರೆಗೆ ತನ್ನಿ. ಬಂದದ್ದನ್ನು ಎರಡರಷ್ಟು ಮಾಡಿ. ಉದಾಹರಣೆಗೆ 19 ಇಂಚು ಬಂದರೆ 38. ಕಪ್ಪಿಗೆ ಇದನ್ನೇ ಹಿಡಿಯಿರಿ. ಇದಕ್ಕೆ ಇನ್ನೊಬ್ಬರು ಬೇಕು. ಅಕ್ಕನೋ ಮಗಳೋ ಸೊಸೆಯೋ ಹಿಡಿದರೆ ಸಾಕು. ಕೀಮೋ ಆದ ಮೇಲೆ ಮೈ ತೂಕ ಏರುಪೇರಾಗುತ್ತದೆ, ಹಳೇ ಸೈಜ್ ನಂಬಿಕೊಂಡು ಹೋಗಬೇಡಿ.

ಹಾಕಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು "ಚೆನ್ನಾಗಿದೆ" ಅಂತ ಬಿಚ್ಚಿಬಿಡಬೇಡಿ. ನಮ್ಮ ದಿನ ನೆಟ್ಟಗೆ ನಿಂತು ಕಳೆಯುವುದಿಲ್ಲವಲ್ಲ. ರಂಗೋಲಿ ಹಾಕುವ ಹಾಗೆ ಮುಂದೆ ಬಗ್ಗಿ. ಕಪ್ ಎದೆ ಬಿಟ್ಟು ಜೋತಾಡಿದರೆ ಅದು ಸರಿಯಿಲ್ಲ. ಎರಡೂ ಕೈ ಮೇಲೆತ್ತಿ, ಅಟ್ಟದಿಂದ ಡಬ್ಬಿ ತೆಗೆಯುವ ಹಾಗೆ. ಕೆಳಪಟ್ಟಿ ಮೇಲೆ ಬಂದರೆ ಅದು ಸಡಿಲ. ಭಾರ ಹೊರಬೇಕಾದ್ದು ಕೆಳಪಟ್ಟಿ, ಹೆಗಲಿನ ಪಟ್ಟಿ ಅಲ್ಲ. ಹೆಗಲಿನ ಪಟ್ಟಿ ಅಗಲವಾಗಿರಲಿ, ಅದರಡಿ ಎರಡು ಬೆರಳು ಆರಾಮಾಗಿ ಹೋಗಲಿ. ಕಂಕುಳ ಗ್ರಂಥಿ ತೆಗೆದವರಿಗೆ ಕೈ ಊದಿಕೊಳ್ಳುವ ಸಂಭವ ಇರುತ್ತದೆ. ಆ ಕಡೆ ಹೆಗಲು, ಕಂಕುಳಲ್ಲಿ ಎಲಾಸ್ಟಿಕ್ ಒತ್ತಿ ಕೂರಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆಪರೇಷನ್ ಆದ ಕಡೆ ಎದೆ, ಕಂಕುಳು, ತೋಳಿನ ಒಳಭಾಗ ಎಷ್ಟೋ ಜನರಿಗೆ ಮರಗಟ್ಟಿರುತ್ತದೆ. ಅಲ್ಲಿ ಪಟ್ಟಿ ಕಚ್ಚಿದರೂ ನಿಮಗೆ ತಿಳಿಯುವುದೇ ಇಲ್ಲ. "ನನಗೇನೂ ಒತ್ತುತ್ತಿಲ್ಲ" ಅನ್ನುವವರ ಮೈಮೇಲೆ ಕೆಂಪು ಬರೆ ನೋಡಿದ್ದೇನೆ. ಹೊಸ ಬ್ರಾ ತಂದ ಮೊದಲ ದಿನಗಳಲ್ಲಿ ಬಿಚ್ಚಿದ ಮೇಲೆ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಳ್ಳಿ. ಗೆರೆ ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಸರಿ. ಹಾಗೇ ಉಳಿದರೆ ಅದು ನಿಮಗೆ ಆಗುವ ಬ್ರಾ ಅಲ್ಲ, ಎಷ್ಟೇ ದುಡ್ಡು ಕೊಟ್ಟಿದ್ದರೂ.

ಚೆಂದ ಅನ್ನುವ ಮಾತಿಗೆ ಈಗ ಬರುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಲೇಸ್ ನಮಗಲ್ಲ, ಬಣ್ಣ ನಮಗಲ್ಲ ಅಂತ ಯಾರು ಹೇಳಿದರು? ಎಳೆದರೆ ಹಿಗ್ಗುವ ಲೇಸ್ ಕಪ್ಪಿನ ಮೇಲ್ಭಾಗದಲ್ಲಿ ಇದ್ದರೆ ಅದು ಎರಡೂ ಕಡೆ ಮೈಗೆ ಹೊಂದಿಕೊಂಡು ಕೂರುತ್ತದೆ, ಎಡಬಲದ ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ಅಂದಕ್ಕೂ ಆಯಿತು, ಕೆಲಸಕ್ಕೂ ಬಂತು. ಹಿಗ್ಗದ ಗಡುಸು ಲೇಸ್ ಮಾತ್ರ ಬೇಡ, ಅದರ ಅಂಚು ಗಾಯದ ಗೆರೆಯನ್ನು ಕೆರೆಯುತ್ತದೆ. ಎಂಥ ಲೇಸೇ ಆಗಲಿ, ಒಳಗೆ ಮಲ್ ಬಟ್ಟೆಯದೋ ಬನಿಯನ್ ಬಟ್ಟೆಯದೋ ಪದರ ಇರಲಿ. ಬಣ್ಣ ನಿಮ್ಮ ಇಷ್ಟ. ಬಿಳಿ ರವಿಕೆ ಒಳಗೆ ಮೈಬಣ್ಣದ್ದು ಬೇಕು, ಸರಿ. ಉಳಿದ ದಿನ ಮೆರೂನ್, ಗಿಳಿಹಸಿರು, ನವಿಲು ನೀಲಿ ಯಾಕಿರಬಾರದು?

ಮೊದಲು ಬಟ್ಟೆಯ ಕುತ್ತಿಗೆ ತೀರಾ ಮೇಲಿರಬೇಕಿತ್ತು. 1882ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಅನ್ನುವ ಸರ್ಜನ್ ಶುರುಮಾಡಿದ ಆಪರೇಷನ್‌ನಲ್ಲಿ ಎದೆಯ ಸ್ನಾಯುವನ್ನೂ ತೆಗೆಯುತ್ತಿದ್ದರು, ಕೊರಳ ಮೂಳೆ ಕೆಳಗೆ ಗುಳಿ ಬೀಳುತ್ತಿತ್ತು. ಈಗ ಪೂರ್ತಿ ಸ್ತನ ತೆಗೆದರೂ ಸಾಮಾನ್ಯವಾಗಿ ಸ್ನಾಯು ಉಳಿಸುತ್ತಾರೆ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಜೀವಕ್ಕೆ ಅಷ್ಟೇ ಭದ್ರ ಅಂತ 1985ರಲ್ಲಿ ಬರ್ನಾರ್ಡ್ ಫಿಶರ್ ಅವರ ತಂಡ ತೋರಿಸಿತು. ಆ ಕಾಯಿಲೆ ಯಾರಿಗೆ ಎಷ್ಟಿದೆ ಅನ್ನುವುದರ ಮೇಲೆ ಯಾವ ಆಪರೇಷನ್ ಅನ್ನುವುದು. ನನ್ನ ಲೆಕ್ಕಕ್ಕೆ ಬರುವುದು ಇಷ್ಟು: ಈಗ ಎಷ್ಟೋ ಜನ ಸಾಧಾರಣ ಆಳದ ಕುತ್ತಿಗೆ ಧಾರಾಳವಾಗಿ ಹಾಕಬಹುದು. ಗಂಟು ಮಾತ್ರ ತೆಗೆಸಿ ಒಂದು ಕಡೆ ಸಣ್ಣದಾಗಿದ್ದರೆ, ಆ ಜಾಗ ತುಂಬುವ ತೆಳು ಪ್ಯಾಡ್ ಸಾಕಾಗುತ್ತದೆ. ಎರಡೂ ಕಡೆ ತೆಗೆಸಿದವರು ಹಳೇ ಸೈಜಿಗಿಂತ ಚಿಕ್ಕದನ್ನು ಆರಿಸಿಕೊಂಡರೆ ಹೆಗಲಿಗೂ ಹಗುರ. ಏನೂ ಇಡದೆ ಹಾಗೇ ಇರುತ್ತೇನೆ ಅನ್ನುವವರೂ ಇದ್ದಾರೆ. ಅವರಿಗೆ ಕಪ್ ಇಲ್ಲದ, ಲೇಸ್ ಅಂಚಿನ ಸ್ಲಿಪ್ ಹೊಲಿದುಕೊಟ್ಟಿದ್ದೇನೆ, ಎಷ್ಟು ಚೆನ್ನಾಗಿ ಕಾಣುತ್ತದೆ!

ನಿಮ್ಮ ಬೀರುವಿನಲ್ಲಿ ಮೊದಲಿನ ಇಷ್ಟದ ಬ್ರಾ ಇದ್ದರೆ ಬಿಸಾಡಬೇಡಿ. ಕಪ್ ಪೂರ್ತಿ ಮುಚ್ಚುವಂಥದ್ದಾಗಿದ್ದರೆ ಅದಕ್ಕೇ ಜೇಬು ಹೊಲಿಯಬಹುದು. ತಂತಿ ಇದ್ದರೆ ಅದರ ಕೊಳವೆಯ ತುದಿಯಲ್ಲಿ ಸಣ್ಣಗೆ ಕತ್ತರಿಸಿ ತಂತಿ ಎಳೆದು ತೆಗೆಯಿರಿ, ಆ ಜಾಗ ಹೊಲಿದುಬಿಡಿ. ಆಮೇಲೆ ಮೆತ್ತನೆ ಬನಿಯನ್ ಬಟ್ಟೆಯನ್ನು ಕಪ್ಪಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಮೇಲೆ, ಕೆಳಗೆ, ನಡುವೆ ಹೊಲಿದು ಕಂಕುಳ ಕಡೆ ಬಾಯಿ ಬಿಡಿ. ಹೊಲಿಗೆಯ ಗಂಟು ಮೈಗೆ ತಾಗದ ಹಾಗೆ ನೋಡಿಕೊಳ್ಳಿ. ನಿಮ್ಮ ಊರಿನ ಯಾವ ಟೈಲರ್ ಆದರೂ ಮಾಡಿಕೊಡುತ್ತಾರೆ. ಅರ್ಧ ಕಪ್ಪಿನದ್ದು ಮಾತ್ರ ಪ್ರಯೋಜನವಿಲ್ಲ, ಒಳಗಿಟ್ಟದ್ದರ ಅಂಚು ಇಣುಕುತ್ತದೆ.

ರವಿಕೆಯಲ್ಲೂ ಹಾಗೆಯೇ. ಲೈನಿಂಗ್ ಒಳಗೆ ಮಲ್ ಬಟ್ಟೆಯ ಜೇಬು ಕೊಟ್ಟರೆ ಮನೆಯಲ್ಲಿ ಬ್ರಾ ಇಲ್ಲದೆಯೂ ಇರಬಹುದು. ಬಟ್ಟಲಿನಂಥ ಕಟೋರಿಗಿಂತ, ಮೇಲಿಂದ ಕೆಳಗೆ ಉದ್ದ ಹೊಲಿಗೆಯ ಪ್ರಿನ್ಸೆಸ್ ಕಟ್ ಕೇಳಿ. ಕಟೋರಿಯ ದುಂಡು ಹೊಲಿಗೆ ಎಡಬಲದ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ, ಪ್ರಿನ್ಸೆಸ್ ಕಟ್‌ನಲ್ಲಿ ಬೇಕಾದ ಹಾಗೆ ತಿದ್ದಬಹುದು. ಆಪರೇಷನ್ ಆದ ಕಡೆ ತೋಳಿನಲ್ಲಿ ಒಂದು ಇಂಚು ಬಟ್ಟೆ ಒಳಗೆ ಜಾಸ್ತಿ ಬಿಡಿಸಿ. ಕೈ ಊದಿದರೆ ಬಿಚ್ಚಿಕೊಳ್ಳಬಹುದು. ಸೀರೆ ಎಲ್ಲ ಮುಚ್ಚುತ್ತದೆ ಅಂತ ಚೂಡಿದಾರ್ ಬಿಟ್ಟುಬಿಟ್ಟವರು ಇದ್ದಾರೆ. ಇಷ್ಟವಿದ್ದರೆ ಮತ್ತೆ ಹಾಕಿ. ಒಳಗಿನದು ಸರಿ ಕೂತರೆ ಮೇಲಿನದು ಯಾವುದಾದರೂ ಒಪ್ಪುತ್ತದೆ.

ಸಿಲಿಕಾನ್ ಕಪ್ಪಿಗೆ ಶತ್ರು ಅಂದರೆ ನಮ್ಮ ಸೇಫ್ಟಿ ಪಿನ್. ತಾಳಿಗೆ ಪಿನ್ ಸಿಕ್ಕಿಸಿಕೊಳ್ಳುವ ಅಭ್ಯಾಸ ಇದ್ದವರು ಬಿಡಬೇಕು, ಒಂದು ಸಲ ಚುಚ್ಚಿದರೆ ಹೋಯಿತು. ದಿನಾ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ತೊಳೆದು, ಒರೆಸಿ, ಅದರ ಡಬ್ಬಿಯಲ್ಲೇ ಇಡಿ. ಬೇಸಿಗೆಯಲ್ಲಿ ಬೆವರುತ್ತದೆ, ಅದಕ್ಕೇ ಅದು ನೇರ ಚರ್ಮಕ್ಕೆ ತಾಗದೆ ಹತ್ತಿ ಜೇಬಿನಲ್ಲಿರಬೇಕು.

ಸಿಲಿಕಾನ್‌ಗೆ ಸಾವಿರಗಟ್ಟಲೆ ಬೇಕು, ಎಲ್ಲರ ಕೈಗೆ ಎಟುಕುವುದಿಲ್ಲ. ಅಕ್ಕಿ, ಸಾಸಿವೆ ಚೀಲ ಕಟ್ಟಿಕೊಂಡು ಬಂದವರನ್ನು ನೋಡಿದ್ದೇನೆ. ಬೆವರಿಗೆ ಅದು ಮುಗ್ಗುತ್ತದೆ, ಬೇಡ. ಅಮೆರಿಕದ ಬೆಲ್ಲಿಂಗ್‌ಹ್ಯಾಮ್ ಊರಿನ ಬಾರ್ಬರಾ ಡೆಮೊರೆಸ್ಟ್ ಅವರು ತಮಗೆ ಆಪರೇಷನ್ ಆದ ಮೇಲೆ 2011ರಲ್ಲಿ ನಿಟೆಡ್ ನಾಕರ್ಸ್ ಅನ್ನುವ ಕೆಲಸ ಶುರುಮಾಡಿದರು. ನೂಲಿನಲ್ಲಿ ಹೆಣೆದು, ಒಳಗೆ ಫೈಬರ್ ತುಂಬಿದ ಹಗುರ ಕಪ್. ಹೆಣೆಯುವವರು ಸ್ವಯಂಸೇವಕರು, ದುಡ್ಡು ತಗೊಳ್ಳುವುದಿಲ್ಲ. ಮುಂಬೈನ ಸಾಯಿಷಾ ಇಂಡಿಯಾ ಫೌಂಡೇಷನ್ ನಮ್ಮ ದೇಶದಲ್ಲಿ ಇದನ್ನು ಉಚಿತವಾಗಿ ಮಾಡಿಕೊಡುತ್ತದೆ. ತುಂಬಿದ್ದನ್ನು ತೆಗೆದು ಹೆಚ್ಚು ಕಮ್ಮಿ ಮಾಡಿಕೊಳ್ಳಬಹುದು, ತೊಳೆಯಬಹುದು. ಹಗುರ ಇರುವುದರಿಂದ ಮೇಲೆ ಸರಿಯುತ್ತದೆ, ಜೇಬಿಗೆ ನಾಲ್ಕು ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಕ್ರೋಶಾ ಬರುವ ನಮ್ಮ ಅಜ್ಜಿಯರು, ಅತ್ತೆಯರು ಇಲ್ಲಿ ಎಷ್ಟು ಜನ ಇದ್ದೀರಿ! ಕಲಿಯಲು ಕಷ್ಟವೇನಿಲ್ಲ.

ಜೊತೆಗೆ ಬಂದಿರುವ ಗಂಡಂದಿರಿಗೆ ಒಂದು ಮಾತು. ಅಂಗಡಿಗೆ ಜೊತೆಯಲ್ಲಿ ಹೋಗಿ. ಹೊರಗೆ ಬೈಕ್ ಹತ್ತಿರ ನಿಲ್ಲಬೇಡಿ. "ನಿನಗೆ ಯಾವ ಬಣ್ಣ ಇಷ್ಟ" ಅಂತ ಕೇಳಿ.

ಪಕ್ಕದ ಕೋಣೆಯಲ್ಲಿ ಪರದೆ ಕಟ್ಟಿದ್ದೇವೆ. ಅಲ್ಲಿ ಟೇಪ್, ಕನ್ನಡಿ, ಬೇರೆ ಬೇರೆ ಸೈಜಿನ ಬ್ರಾ, ಹೆಣೆದ ಕಪ್, ಸಿಲಿಕಾನ್ ಕಪ್ ಎಲ್ಲ ಇಟ್ಟಿದ್ದೇನೆ. ಮುಟ್ಟಿ ನೋಡಿ, ತೂಕ ನೋಡಿ. ಹಾಕಿಕೊಂಡು ಬಗ್ಗಿ, ಕೈ ಎತ್ತಿ ನೋಡಿ. ಒಬ್ಬೊಬ್ಬರಾಗಿ ಬನ್ನಿ, ಅವಸರ ಇಲ್ಲ. ತಿದ್ದಿಸಬೇಕಾದ ರವಿಕೆ ತಂದವರು ಹೆಸರು ಬರೆದ ಚೀಟಿ ಪಿನ್ ಮಾಡಿ ಕೊಡಿ, ಮುಂದಿನ ವಾರದೊಳಗೆ ಹೊಲಿದು ಕೊಡುತ್ತೇನೆ.