ಆನೆಯ ದಾರಿ ಬಲ್ಲವರು ಅಪರಾಧದ ನಾಡಿಗೆ ಹೊರಟಾಗ

[ದೃಶ್ಯ: ಮಡಿಕೇರಿಗೆ ಸಮೀಪದ ಒಂದು ಕಾಫಿ ತೋಟದ ಗೇಟು. ಬೆಳಗಿನ ಮಂಜು. ರಸ್ತೆಯಲ್ಲಿ ಪ್ರವಾಸಿಗರ ಕಾರುಗಳು ಹಾದುಹೋಗುತ್ತಿವೆ.]

ನಿರೂಪಣೆ:
ನಮಸ್ಕಾರ. ಈ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಸಾಕು, ಹಾದುಹೋಗುವವರಲ್ಲಿ ಊರಿನವರು ಯಾರು, ಪ್ರವಾಸಿಗರು ಯಾರು ಎಂಬುದನ್ನು ನಮ್ಮ ಮನೆಯ ಚಿಕ್ಕ ಮಕ್ಕಳೂ ಹೇಳಿಬಿಡುತ್ತಾರೆ. ಮಂಜು ಇಳಿದ ತಿರುವಿನಲ್ಲಿಯೇ ಕಾರು ನಿಲ್ಲಿಸಿ ಫೋಟೊ ತೆಗೆಯುವವರು, ಜುಲೈ ಮಳೆಗೆ ಬಿಳಿಯ ಶೂ ಧರಿಸಿ ಬಂದವರು, ರಾಜಾಸೀಟಿಗೆ ದಾರಿ ಕೇಳುತ್ತಲೇ ಕೈಯಲ್ಲಿನ ಫೋನನ್ನು ಎಡಕ್ಕೂ ಬಲಕ್ಕೂ ತಿರುಗಿಸುವವರು, ಇವರನ್ನು ಗುರುತಿಸಲು ನಮಗೆ ಯಾವ ತರಬೇತಿಯೂ ಬೇಕಾಗಿಲ್ಲ. ನಾವು ಕೊಲಂಬಿಯಾದ ಬೊಗೊಟಾದಲ್ಲಿಯೋ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿಯೋ ವಿಮಾನದಿಂದ ಇಳಿದ ದಿನ ಅಲ್ಲಿಯ ರಸ್ತೆಬದಿಯಲ್ಲಿ ನಿಂತವನ ಕಣ್ಣಿಗೆ ನಾವೂ ಹೀಗೆಯೇ ಕಾಣುತ್ತೇವೆ. ಇಲ್ಲಿ ನಾವು ಬಂದವರಿಗೆ ಕಾಫಿಪುಡಿ, ಜೇನು ಮಾರುವ ಲೆಕ್ಕ ಹಾಕುತ್ತೇವೆ. ಅವನ ಲೆಕ್ಕ ಬೇರೆ ಇರಬಹುದು.

ಕೊಡಗಿನ ಯುವಕ ಯುವತಿಯರು ಅಷ್ಟು ದೂರ ಏಕೆ ಹೋಗುತ್ತಾರೆ ಎಂದು ಕೇಳುವವರಿಗೆ ಉತ್ತರ ಈ ತೋಟದಲ್ಲಿಯೇ ಇದೆ. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯವನ್ನೋ, 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೊಲಂಬಿಯಾದ ಕಾಫಿ ಸೀಮೆಯನ್ನೋ ಒಮ್ಮೆ ನೋಡಬೇಕೆಂಬ ಆಸೆ ಸಹಜವಾದದ್ದು. 2027ರ ಕ್ರಿಕೆಟ್ ವಿಶ್ವಕಪ್ ನಡೆಯುವುದು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾಗಳಲ್ಲಿ. ಟಿಕೆಟ್ಟಿಗೆ ಈಗಿನಿಂದಲೇ ಹಣ ಕೂಡಿಡುತ್ತಿರುವವರು ನನ್ನ ಪರಿಚಯದಲ್ಲಿಯೇ ಇದ್ದಾರೆ. ಅಪರಾಧ ಹೆಚ್ಚಿರುವ ಇಂಥ ದೇಶಗಳಿಗೆ ಹೋಗಬೇಡಿ ಎಂದು ಹೇಳುವುದಕ್ಕಲ್ಲ, ಹೋದಾಗ ಕ್ಷೇಮವಾಗಿರುವುದು ಹೇಗೆ ಎಂದು ಹೇಳುವುದಕ್ಕೆ ಈ ವಿಡಿಯೋ ಮಾಡುತ್ತಿದ್ದೇನೆ.

[ಪರದೆಯ ಮೇಲೆ ಎರಡು ಸಂಖ್ಯೆಗಳು: 28,522 ಮತ್ತು 27,494]

2022ರಲ್ಲಿ ಇಡೀ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ದಕ್ಷಿಣ ಆಫ್ರಿಕಾದಲ್ಲಿ 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ದಾಖಲಾದದ್ದು 27,494. ಸಂಖ್ಯೆಗಳು ಹತ್ತಿರ ಹತ್ತಿರವಾಗಿವೆ; ಆದರೆ ನಮ್ಮ ಜನಸಂಖ್ಯೆ 140 ಕೋಟಿ, ಅವರದು ಸುಮಾರು ಆರು ಕೋಟಿ. ಇದನ್ನು ಕೇಳಿ ಬೆಚ್ಚಿಬೀಳುವ ಮೊದಲು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಕೊಲೆಗಳಲ್ಲಿ ಬಹುಪಾಲು ಪ್ರವಾಸಿಗರು ಕಾಲಿಡದ ಬಡ ಬಡಾವಣೆಗಳಲ್ಲಿ, ಗ್ಯಾಂಗುಗಳ ನಡುವೆ ಅಥವಾ ಪರಸ್ಪರ ಪರಿಚಯವಿದ್ದವರ ಜಗಳಗಳಲ್ಲಿ ನಡೆಯುತ್ತವೆ. ಪ್ರವಾಸಿಗನಿಗೆ ಎದುರಾಗುವುದು ಹೆಚ್ಚಾಗಿ ಸುಲಿಗೆ. ಅದು ಕೊಲೆಯಾಗಿ ತಿರುಗುವುದು ಕೆಲವೇ ಸಂದರ್ಭಗಳಲ್ಲಿ, ಮತ್ತು ಆ ಕೆಲವು ಸಂದರ್ಭಗಳಲ್ಲಿ ನಮ್ಮ ವರ್ತನೆಗೂ ಪಾತ್ರವಿರುತ್ತದೆ.

[ದೃಶ್ಯ: ತೋಟದ ಬೇಲಿಯ ಬಳಿ ಹಸಿ ಆನೆಲದ್ದಿ, ಮುರಿದ ಬಾಳೆಗಿಡ.]

ಇದು ನಿನ್ನೆ ರಾತ್ರಿಯದು. ಕೊಡಗಿನಲ್ಲಿ ಕಾಡಾನೆಗಳಿವೆ ಎಂದು ನಾವು ಯಾರೂ ಮನೆಯೊಳಗೇ ಕುಳಿತುಕೊಳ್ಳುವುದಿಲ್ಲ. ಆನೆ ಎಲ್ಲೆಡೆಯೂ, ಎಲ್ಲ ಹೊತ್ತಿನಲ್ಲಿಯೂ ಇರುವುದಿಲ್ಲ. ಅದಕ್ಕೊಂದು ದಾರಿ ಇದೆ, ಒಂದು ಹೊತ್ತು ಇದೆ. ಮುಂಜಾನೆ ಕೆಲಸಕ್ಕೆ ಹೊರಡುವವರು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಫೋನು ಮಾಡಿ, ಇಲ್ಲವೇ ವಾಟ್ಸಾಪ್ ಗುಂಪು ನೋಡಿ, ಒಂಟಿ ಸಲಗ ಯಾವ ತೋಟದಲ್ಲಿದೆ ಎಂದು ತಿಳಿದುಕೊಂಡ ಮೇಲೆಯೇ ದಾರಿ ಹಿಡಿಯುತ್ತಾರೆ. ಅಪರಾಧ ಹೆಚ್ಚಿರುವ ದೇಶದಲ್ಲಿ ಬೇಕಾದ ಬುದ್ಧಿಯೂ ಇದೇ. ಇಡೀ ದೇಶಕ್ಕೆ ಒಂದೇ ಬಣ್ಣ ಬಳಿದು ನೋಡುವುದರಿಂದ ಪ್ರಯೋಜನವಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಪ್ರಯಾಣಿಕರಿಗಾಗಿ ದೇಶಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಮೆಕ್ಸಿಕೋದ ವಿಷಯದಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಹಂತವನ್ನು ಸೂಚಿಸುತ್ತದೆ. ಯುಕಾಟಾನ್ ರಾಜ್ಯ ಹಲವು ವರ್ಷ ಅತ್ಯಂತ ಕೆಳಗಿನ, ಸಾಮಾನ್ಯ ಎಚ್ಚರಿಕೆಯ ಹಂತದಲ್ಲಿದ್ದಾಗ, ಅದೇ ದೇಶದ ಕೊಲಿಮಾ ರಾಜ್ಯ ಹೋಗಲೇಬೇಡಿ ಎನ್ನುವ ಹಂತದಲ್ಲಿತ್ತು. ಇಂಥ ಸೂಚನೆಗಳನ್ನು ಓದಿ ಹೋಗಿ. ಹೋದ ಮೇಲೆ ತಂಗಿರುವ ಮನೆಯವರನ್ನು ಕೇಳಿ. ಈ ಬೀದಿಯಲ್ಲಿ ಎಷ್ಟು ಗಂಟೆಯವರೆಗೆ ನಡೆದು ಹೋಗಬಹುದು, ನೀವಾದರೆ ಹೋಗುತ್ತೀರಾ ಎಂದು ನೇರವಾಗಿ ಕೇಳಬೇಕು. ಹೋಂಸ್ಟೇ ನಡೆಸುವ ಅನುಭವದಿಂದ ಹೇಳುತ್ತಿದ್ದೇನೆ: ಎರಡನೆಯ ಪ್ರಶ್ನೆಗೆ ಬರುವ ಉತ್ತರ ಮೊದಲನೆಯದಕ್ಕಿಂತ ಪ್ರಾಮಾಣಿಕವಾಗಿರುತ್ತದೆ.

ಬೆಟ್ಟ ಹತ್ತುವವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಕೊಡಗಿನ 1,748 ಮೀಟರ್ ಎತ್ತರದ ತಡಿಯಂಡಮೋಳನ್ನು ಹತ್ತಿದವರಿಗೆ ಕೇಪ್‌ಟೌನ್‌ನ ಸುಮಾರು 1,085 ಮೀಟರಿನ ಟೇಬಲ್ ಮೌಂಟನ್ ಸಣ್ಣದಾಗಿ ಕಾಣಬಹುದು, ಒಬ್ಬರೇ ಬೆಳಗಿನ ಜಾವ ಹೊರಟುಬಿಡಬಹುದು. ಅಲ್ಲಿಯ ಅಪಾಯ ಎತ್ತರದಲ್ಲಿಲ್ಲ. ನಗರಕ್ಕೆ ಅಂಟಿಕೊಂಡಿರುವ ಆ ಕಾಲುದಾರಿಗಳಲ್ಲಿ ಚಾಕು ತೋರಿಸಿ ಸುಲಿಯುವ ಘಟನೆಗಳು ಮರುಕಳಿಸುತ್ತಲೇ ಇವೆ. ಆದ್ದರಿಂದ ಕನಿಷ್ಠ ನಾಲ್ವರಾದರೂ ಜೊತೆಗಿರಬೇಕು, ಜನ ಓಡಾಡುವ ಹೊತ್ತಿನಲ್ಲಿಯೇ ಹೋಗಬೇಕು.

[ದೃಶ್ಯ: ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ ಕೈಸಾಲೆ. ಗೋಡೆಯ ಮೇಲೆ ಸೇನೆಯ ಸಮವಸ್ತ್ರದಲ್ಲಿರುವ ಹಿರಿಯರ ಹಳೆಯ ಚಿತ್ರ.]

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಜನರಲ್ ತಿಮ್ಮಯ್ಯ ಮತ್ತು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ನೆಲ ಇದು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಹೆದರಿ ಹಿಂದೆ ಸರಿಯುವುದು ಅವಮಾನ ಎಂಬ ಭಾವನೆ ನಮ್ಮ ಹುಡುಗರಿಗೆ ಯಾರೂ ಕಲಿಸದೆ ಬಂದಿರುತ್ತದೆ. ಜೋಹಾನ್ಸ್‌ಬರ್ಗ್‌ನ ಬೀದಿಯಲ್ಲಿ ಒಬ್ಬ ಪಿಸ್ತೂಲು ತೋರಿಸಿ ಫೋನು ಕೇಳಿದಾಗ ಈ ಭಾವನೆಯೇ ಎಲ್ಲಕ್ಕಿಂತ ದೊಡ್ಡ ಅಪಾಯ. ಎದುರಿಗಿರುವವನು ಅನೇಕ ವೇಳೆ ಇಪ್ಪತ್ತು ದಾಟದ ಹುಡುಗ, ಅವನೂ ಹೆದರಿರುತ್ತಾನೆ, ಬೆರಳು ಪಿಸ್ತೂಲಿನ ಕುದುರೆಯ ಮೇಲಿರುತ್ತದೆ, ಮತ್ತು ಒಂದಿಷ್ಟು ದೂರದಲ್ಲಿ ನಮಗೆ ಕಾಣದ ಅವನ ಜೊತೆಗಾರ ಇರುತ್ತಾನೆ. ಕೋವಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಆ ಕ್ಷಣದಲ್ಲಿ ಒಂದೇ ಒಂದು ಉಪಯೋಗಕ್ಕೆ ಬರಬೇಕು: ಅದು ಏನು ಮಾಡಬಲ್ಲದು ಎಂಬುದು ಇತರರಿಗಿಂತ ನಮಗೆ ಚೆನ್ನಾಗಿ ಗೊತ್ತು. ಕೈಗಳು ಕಾಣುವಂತಿರಲಿ. ಜೇಬಿಗೆ ಕೈ ಹಾಕುವ ಮೊದಲು ಹಾಕುತ್ತಿದ್ದೇನೆ ಎಂದು ತಿಳಿಸಬೇಕು, ಮುಖವನ್ನು ದಿಟ್ಟಿಸದೆ ಕೇಳಿದ್ದನ್ನು ಕೊಡಬೇಕು, ಹೊರಟವನನ್ನು ಹಿಂಬಾಲಿಸಬಾರದು. ಸಲಗ ಎದುರಾದಾಗ ತೊಡೆ ತಟ್ಟಿ ನಿಲ್ಲುವವನನ್ನು ನಮ್ಮಲ್ಲಿ ಯಾರೂ ಧೈರ್ಯಶಾಲಿ ಎನ್ನುವುದಿಲ್ಲವಲ್ಲ. ಪರ್ಸಿನ ವಿಷಯಕ್ಕೆ ಬಂದರೆ, ಕೊಡುವುದಕ್ಕೆಂದೇ ಸ್ವಲ್ಪ ಹಣವಿರುವ ಇನ್ನೊಂದು ಪರ್ಸನ್ನು ಇಟ್ಟುಕೊಳ್ಳುವುದು ಆ ನಗರಗಳಲ್ಲಿ ಹಳೆಯ ರೂಢಿ.

ನಮ್ಮ ಇನ್ನೊಂದು ಸದ್ಗುಣವೂ ಅಲ್ಲಿ ಮುಳುವಾಗಬಹುದು. ಮನೆಗೆ ಬಂದವರಿಗೆ ಕೊಡುವುದು, ಕೊಟ್ಟದ್ದನ್ನು ಬೇಡವೆನ್ನದಿರುವುದು ಕೊಡಗಿನ ನಡವಳಿಕೆ; ಲೋಟ ಕೈಗಿತ್ತಾಗ ನಿರಾಕರಿಸಿದರೆ ಕೊಟ್ಟವರಿಗೆ ಬೇಸರವಾಗುತ್ತದೆ. ಕೊಲಂಬಿಯಾದಲ್ಲಿ ಸ್ಕೊಪೊಲಮಿನ್ ಎಂಬ ಮದ್ದನ್ನು ಪಾನೀಯದಲ್ಲಿ ಬೆರೆಸಿ ಸುಲಿಯುವುದು ಒಂದು ದಂಧೆಯೇ ಆಗಿದೆ. ನಮ್ಮ ಬೇಲಿಬದಿಯ ದತ್ತೂರಿ ಗಿಡದಲ್ಲಿಯೂ ಇರುವ ವಸ್ತು ಅದು. ಸೇವಿಸಿದವನು ಎಚ್ಚರವಿದ್ದಂತೆ ಕಂಡರೂ ಹೇಳಿದಂತೆ ಕೇಳುತ್ತಾನೆ, ಎಟಿಎಂನ ಗುಪ್ತಸಂಖ್ಯೆಯನ್ನೂ ಹೇಳುತ್ತಾನೆ, ಮರುದಿನ ಅವನಿಗೆ ಏನೂ ನೆನಪಿರುವುದಿಲ್ಲ. ಪ್ರಮಾಣ ಹೆಚ್ಚಾದರೆ ಏಳುವುದೇ ಇಲ್ಲ. 2023ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮೆಡೆಯಿನ್ ನಗರವೊಂದರಲ್ಲಿಯೇ ಎಂಟು ಮಂದಿ ಅಮೆರಿಕನ್ನರು ಅನುಮಾನಾಸ್ಪದವಾಗಿ ಸತ್ತರೆಂದು ಅಲ್ಲಿಯ ಅಮೆರಿಕದ ರಾಯಭಾರ ಕಚೇರಿ ಮರುತಿಂಗಳು ಎಚ್ಚರಿಸಿತು. ಅವುಗಳಲ್ಲಿ ಹಲವು ಪ್ರಕರಣಗಳ ಹಿಂದೆ ಮದ್ದು, ಸುಲಿಗೆ ಮತ್ತು ಡೇಟಿಂಗ್ ಆ್ಯಪ್‌ನಲ್ಲಿ ಆದ ಪರಿಚಯ ಇದ್ದಿರಬಹುದೆಂದು ಅದು ಹೇಳಿತು. ಸತ್ತವರೆಲ್ಲ ಯುವತಿಯರಿರಬೇಕು ಎಂದು ಭಾವಿಸಿದರೆ ತಪ್ಪು. ಈ ಬಲೆಗೆ ಹೆಚ್ಚಾಗಿ ಬೀಳುವವರು ಒಬ್ಬಂಟಿಯಾಗಿ ಬಂದ ಗಂಡಸರು. ಲೋಟವನ್ನು ಕಣ್ಣಿನಿಂದ ಮರೆ ಮಾಡಬಾರದು, ಮೊದಲ ಭೇಟಿ ಕೋಣೆಯಲ್ಲಿ ನಡೆಯಬಾರದು ಎಂಬ ಎರಡು ಮಾತುಗಳನ್ನು ಮಗಳಿಗೆ ನೂರು ಸಲ ಹೇಳುವ ತಾಯಂದಿರು ಮಗನಿಗೂ ಒಮ್ಮೆ ಹೇಳಬೇಕು. ಕೊಲಂಬಿಯಾದ ಜನರಲ್ಲಿ ಇದಕ್ಕೆಲ್ಲ ಒಂದು ಗಾದೆಯಿದೆ: "ನೊ ದಾರ್ ಪಪಾಯಾ". ಪಪ್ಪಾಯಿ ಕೊಡಬೇಡ ಎಂದರ್ಥ. ಕೈಗೆ ಸುಲಭವಾಗಿ ಸಿಗುವ ಹಣ್ಣಾಗಬೇಡ ಎಂಬ ಭಾವ.

[ದೃಶ್ಯ: ಮೇಜಿನ ಮೇಲೆ ಎರಡು ಫೋನು, ಎರಡು ಕಾರ್ಡು, ಪಾಸ್‌ಪೋರ್ಟಿನ ನಕಲು ಪ್ರತಿ.]

ಬೊಗೊಟಾದಲ್ಲಿ ರಸ್ತೆಬದಿಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸಬಾರದು ಎನ್ನುವುದಕ್ಕೆ ಕಾರಣವಿದೆ. ಸ್ವಲ್ಪ ದೂರ ಹೋದ ಮೇಲೆ ಇಬ್ಬರು ಹತ್ತಿಕೊಂಡು, ಪ್ರಯಾಣಿಕನನ್ನು ಎಟಿಎಂನಿಂದ ಎಟಿಎಂಗೆ ಸುತ್ತಿಸಿ ಹಣ ತೆಗೆಸುವ ಈ ಅಪರಾಧಕ್ಕೆ ಅಲ್ಲಿ "ಕೋಟ್ಯಧಿಪತಿಯ ಸವಾರಿ" ಎಂಬರ್ಥದ ಹೆಸರೇ ಇದೆ. ಕೆಲವೊಮ್ಮೆ ಮಧ್ಯರಾತ್ರಿ ದಾಟುವವರೆಗೂ ಹಿಡಿದಿಟ್ಟುಕೊಳ್ಳುತ್ತಾರೆ, ಏಕೆಂದರೆ ದಿನ ಬದಲಾದೊಡನೆ ಕಾರ್ಡಿನ ದೈನಿಕ ಮಿತಿ ಹೊಸದಾಗಿ ಆರಂಭವಾಗುತ್ತದೆ. ಭಾರತದ ಕಾರ್ಡುಗಳಲ್ಲಿ ವಿದೇಶೀ ವಹಿವಾಟನ್ನು ಬೇಕಾದಾಗ ತೆರೆಯಲು, ಮುಚ್ಚಲು, ಮಿತಿ ಹಾಕಲು ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ ಅವಕಾಶವಿದೆ. ಆ ಮಿತಿಯನ್ನು ಎರಡು ದಿನದ ಖರ್ಚಿಗೆ ಇಳಿಸಿ ಹೊರಡಬೇಕು. ನಮ್ಮವರು ಮರೆಯುವ ಇನ್ನೊಂದು ವಿಷಯವೆಂದರೆ ಒಟಿಪಿ. ಫೋನು ಹೋದರೆ ಅದರೊಂದಿಗೆ ಭಾರತದ ಸಿಮ್ಮೂ ಹೋಗುತ್ತದೆ, ಸಿಮ್ ಹೋದರೆ ಬ್ಯಾಂಕಿನ ಬಾಗಿಲೂ ಮುಚ್ಚುತ್ತದೆ. ಆದ್ದರಿಂದ ಆ ಸಿಮ್ಮನ್ನು ಪಿನ್ ಹಾಕಿದ ಹಳೆಯ ಫೋನಿನಲ್ಲಿಟ್ಟು, ಎರಡನೆಯ ಕಾರ್ಡಿನೊಂದಿಗೆ ಕೋಣೆಯಲ್ಲಿಯೇ ಬಿಟ್ಟು, ಬೀದಿಗೆ ಅಲ್ಲಿಯ ಸಿಮ್ ಇರುವ ಅಗ್ಗದ ಫೋನನ್ನು ಒಯ್ಯುವುದು ಕ್ಷೇಮ.

ನಕಲಿ ಪೊಲೀಸರ ಕಾಟ ಹಲವು ದೇಶಗಳಲ್ಲಿದೆ. ಪಾಸ್‌ಪೋರ್ಟ್, ಪರ್ಸು ಪರೀಕ್ಷಿಸಬೇಕು ಎಂದವರಿಗೆ ಠಾಣೆಯಲ್ಲಿ ತೋರಿಸುತ್ತೇನೆ ಎಂದು ವಿನಯದಿಂದ ಹೇಳಬಹುದು. ದಕ್ಷಿಣ ಆಫ್ರಿಕಾದಲ್ಲಿ ನೀಲಿ ದೀಪ ಹಾಕಿಕೊಂಡು ಕಾರು ತಡೆಯುವ ದರೋಡೆಕೋರರಿರುವುದರಿಂದ, ಅನುಮಾನ ಬಂದರೆ ಅಪಾಯಸೂಚಕ ದೀಪ ಹಾಕಿ ನಿಧಾನವಾಗಿ ಹತ್ತಿರದ ಠಾಣೆಯವರೆಗೆ ಓಡಿಸುವಂತೆ ಸಲಹೆ ನೀಡುತ್ತಾರೆ. ಬ್ಯಾಗನ್ನು ಸೀಟಿನ ಮೇಲಿಡದೆ, ಹೊರಡುವ ಮೊದಲೇ ಡಿಕ್ಕಿಯಲ್ಲಿಡಬೇಕು. ಸಿಗ್ನಲ್ಲಿನಲ್ಲಿ ಗಾಜು ಒಡೆದು ಕಸಿಯುವುದಕ್ಕೆ ಎರಡು ಕ್ಷಣ ಸಾಕು.

ಇಷ್ಟಾದರೂ ನಡೆಯಬಾರದ್ದು ನಡೆದರೆ, ಮೊದಲು ಜನರಿರುವ, ಬೆಳಕಿರುವ ಜಾಗಕ್ಕೆ ಹೋಗಬೇಕು. ಪೊಲೀಸರ ಸಂಖ್ಯೆ ದಕ್ಷಿಣ ಆಫ್ರಿಕಾದಲ್ಲಿ 10111, ಬ್ರೆಜಿಲ್‌ನಲ್ಲಿ 190. ಕೊಲಂಬಿಯಾದಲ್ಲಿ ತುರ್ತು ಸಂಖ್ಯೆ 123, ಮೆಕ್ಸಿಕೋದಲ್ಲಿ 911. ಕಳೆದ ವಸ್ತು ಸಿಗುವ ಭರವಸೆ ಇಲ್ಲದಿದ್ದರೂ ದೂರಿನ ಪ್ರತಿಯನ್ನು ಪಡೆಯಲೇಬೇಕು, ಏಕೆಂದರೆ ವಿಮೆಗೂ ಹೊಸ ಪಾಸ್‌ಪೋರ್ಟಿಗೂ ಅದೇ ಆಧಾರ. ಪಾಸ್‌ಪೋರ್ಟ್ ಹೋದವರಿಗೆ ಭಾರತದ ರಾಯಭಾರ ಕಚೇರಿಗಳು ತುರ್ತು ಪ್ರಮಾಣಪತ್ರ ನೀಡುತ್ತವೆ. ಅದರಿಂದ ಊರಿಗೆ ಮರಳಬಹುದೇ ಹೊರತು ಪ್ರವಾಸ ಮುಂದುವರಿಸಲಾಗದು. ದಕ್ಷಿಣ ಆಫ್ರಿಕಾದಲ್ಲಿ ಪ್ರಿಟೋರಿಯಾದ ಹೈಕಮಿಷನ್ನಿನ ಜೊತೆಗೆ ಜೋಹಾನ್ಸ್‌ಬರ್ಗ್, ಕೇಪ್‌ಟೌನ್, ಡರ್ಬನ್‌ಗಳಲ್ಲಿಯೂ ನಮ್ಮ ಕಾನ್ಸುಲೇಟುಗಳಿವೆ. ಊರಿನಲ್ಲಿರುವ ಪೋಷಕರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದ ಮೂಲಕ ದೂರು ದಾಖಲಿಸಬಹುದು.

[ದೃಶ್ಯ: ಮತ್ತೆ ತೋಟ. ಕಣದಲ್ಲಿ ಕಾಫಿ ಒಣಗುತ್ತಿದೆ.]

ಪೋಷಕರಿಗೆ ಎರಡು ಮಾತು. ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ, ಹಣ ಕಳಿಸಿ ಎಂದು ಸುಳ್ಳು ಕರೆ ಮಾಡುವವರಿದ್ದಾರೆ. ಹೊರಡುವ ಮೊದಲು ಮನೆಯವರು ಒಂದು ಗುಟ್ಟಿನ ಪದವನ್ನು ಗೊತ್ತುಮಾಡಿಕೊಳ್ಳಬೇಕು; ಅದು ನಮ್ಮ ಕೊಡಗಿನ ಮಾತುಗಳಾದ ಕೊಡವ ತಕ್ಕ್‌ನದೋ ಅರೆಭಾಷೆಯದೋ ಆಗಿದ್ದರೆ ಬೊಗೊಟಾದ ವಂಚಕನಿಗೆ ಊಹಿಸಲೂ ಆಗದು. ಇನ್ನು, ದಿನಕ್ಕೊಂದು ಕರೆಯ ಹೊತ್ತನ್ನು ನಿಗದಿ ಮಾಡುವಾಗ ಗಡಿಯಾರ ನೋಡಿ ಮಾಡಬೇಕು. ಕೊಲಂಬಿಯಾ ನಮಗಿಂತ ಹತ್ತೂವರೆ ಗಂಟೆ ಹಿಂದಿದೆ. ಮಗಳು ರಾತ್ರಿ ಒಂಬತ್ತಕ್ಕೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಕರೆ ಮಾಡುವಾಗ ಇಲ್ಲಿ ಬೆಳಿಗ್ಗೆ ಏಳೂವರೆ. ಕೊಯ್ಲಿನ ದಿನವಾದರೆ ಅಪ್ಪ ಫೋನನ್ನು ಜಗಲಿಯ ಮೇಲೆ ಬಿಟ್ಟು ತೋಟಕ್ಕೆ ಇಳಿದಿರುತ್ತಾರೆ. ಮಗಳು ಮರಳುವವರೆಗೆ ಅದು ಅವರ ಜೇಬಿನಲ್ಲಿರಲಿ.