ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾರ್ಯತಂತ್ರದ ಪಾಠ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಎಂ.ಬಿ.ಎ. ವಿದ್ಯಾರ್ಥಿಗಳಿಗೆ ಸ್ಟ್ರಾಟಜಿಕ್ ಮ್ಯಾನೇಜ್‌ಮೆಂಟ್, ಅಂದರೆ ಕಾರ್ಯತಂತ್ರ ನಿರ್ವಹಣೆ ಎಂಬ ವಿಷಯವನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತ ಬಂದಿದ್ದೇನೆ. ಈ ವಿಷಯವನ್ನು ನಾವು ಮಕ್ಕಳಿಗೆ ಹೆಸರುಗಳ ಪಟ್ಟಿಯಂತೆ ಕಲಿಸುತ್ತಿದ್ದೇವೆ, ನಿರ್ಧಾರ ಮಾಡುವುದನ್ನು ಕಲಿಸುತ್ತಿಲ್ಲ ಎಂಬ ಸಂಕಟ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಕಲಿಸಲು ಬೇಕಾದ ಸಾಮಗ್ರಿಗೆ ನಾವು ದೂರ ಹೋಗಬೇಕಾಗಿಲ್ಲ. ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಅದು ಪ್ರತಿವರ್ಷ ಹೊಸದಾಗಿ ಹುಟ್ಟುತ್ತದೆ.

ಹಿಂದೆ ಈ ವಿಷಯಕ್ಕೆ ಬಿಸಿನೆಸ್ ಪಾಲಿಸಿ ಎಂಬ ಹೆಸರಿತ್ತು. ಹಣಕಾಸು, ಮಾರಾಟ, ಉತ್ಪಾದನೆ ಎಂದು ಬಿಡಿಬಿಡಿಯಾಗಿ ಕಲಿತದ್ದನ್ನೆಲ್ಲ ಒಂದೆಡೆ ಸೇರಿಸಿ, ಇಡೀ ಸಂಸ್ಥೆಯ ಹೊಣೆ ಹೊತ್ತವರ ಸ್ಥಾನದಲ್ಲಿ ಕುಳಿತು ಯೋಚಿಸುವುದನ್ನು ರೂಢಿಸುವುದೇ ಅದರ ಮೂಲ ಉದ್ದೇಶ. 1979ರಲ್ಲಿ ಹಾರ್ವರ್ಡ್‌ನ ಅಧ್ಯಾಪಕ ಮೈಕೆಲ್ ಪೋರ್ಟರ್ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ, ಒಂದು ಉದ್ಯಮದ ಲಾಭವನ್ನು ನಿರ್ಧರಿಸುವ ಐದು ಬಲಗಳ ವಿಚಾರವನ್ನು ಮುಂದಿಟ್ಟರು. ಈಗಾಗಲೇ ಇರುವ ಪೈಪೋಟಿ, ಹೊಸಬರು ಬಂದು ಸೇರುವ ಭಯ, ಬದಲಿ ವಸ್ತುಗಳು, ಕೊಳ್ಳುವವರ ಹಿಡಿತ ಮತ್ತು ಪೂರೈಸುವವರ ಹಿಡಿತ, ಇವೇ ಆ ಐದು. ಅವರೇ 1996ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ, ಇದ್ದ ಕೆಲಸವನ್ನೇ ಇತರರಿಗಿಂತ ಚುರುಕಾಗಿ ಮಾಡುವುದಷ್ಟೇ ಕಾರ್ಯತಂತ್ರವಾಗುವುದಿಲ್ಲ, ಯಾವುದನ್ನು ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವುದೇ ಅದರ ತಿರುಳು ಎಂದು ವಾದಿಸಿದರು. ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಮೊದಲಿನ ಐದನ್ನು ತಪ್ಪಿಲ್ಲದೆ ಬರೆಯುತ್ತಾರೆ, ಆದರೆ ಈ ಎರಡನೆಯ ಮಾತು ಅವರ ಮನಸ್ಸಿಗೆ ತಾಕುವುದೇ ಇಲ್ಲ. ಕನ್ನಡದಲ್ಲಿ ‘ತಂತ್ರ’ ಎಂದೊಡನೆ ಉಪಾಯ, ಯುಕ್ತಿ ಎಂಬ ಅರ್ಥಗಳೇ ಮುಂದೆ ಬರುತ್ತವೆ. ಬಹುಶಃ ಅದಕ್ಕಾಗಿಯೇ ಯಾವುದಾದರೂ ಜಾಣ ಐಡಿಯಾ ಹೊಳೆದರೆ ಸಾಕು ಎಂದು ಅವರು ನಂಬಿರುತ್ತಾರೆ.

ಕಳೆದ ವರ್ಷದ ಒಂದು ಪ್ರಸಂಗವನ್ನು ಹೇಳುತ್ತೇನೆ. ತಿಕೋಟಾ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯ ನಾಲ್ಕು ಎಕರೆ ದ್ರಾಕ್ಷಿ ತೋಟವನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಳು. ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಚೌಕಗಳನ್ನು ಅಚ್ಚುಕಟ್ಟಾಗಿ ತುಂಬಿ, ಕೊನೆಯಲ್ಲಿ ಸ್ವಂತ ಬ್ರ್ಯಾಂಡ್ ಮಾಡಬೇಕು, ಆನ್‌ಲೈನ್‌ನಲ್ಲಿ ಮಾರಬೇಕು, ರಫ್ತಿಗೂ ಪ್ರಯತ್ನಿಸಬೇಕು ಎಂದು ಬರೆದಿದ್ದಳು. ಶ್ರಮಪಟ್ಟು ಮಾಡಿದ ಕೆಲಸ ಎಂಬುದರಲ್ಲಿ ಸಂದೇಹವಿರಲಿಲ್ಲ. ಆದರೂ ಅದನ್ನು ಓದುತ್ತಿದ್ದಾಗ, ಊರ ಹೆಸರೊಂದನ್ನು ಬದಲಿಸಿದರೆ ಇದೇ ವರದಿ ಯಾವ ಬೆಳೆಗೂ, ಯಾವ ಜಿಲ್ಲೆಗೂ ಹೊಂದುತ್ತದಲ್ಲ ಎನಿಸಿತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾವು ಕೆಲವರು ಆ ತೋಟಕ್ಕೆ ಹೊರಟೆವು.

ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ಕ್ರೇಟುಗಳಲ್ಲಿ ಬಂದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಹಲವು ಅಂತಸ್ತಿನ ಬಲೆಗಳ ಮೇಲೆ ಹೆಣ್ಣುಮಕ್ಕಳು ಹರಡುತ್ತಿದ್ದರು. ಆ ನೀರು ಸಿಪ್ಪೆಯ ಮೇಲಿನ ಮೇಣದ ಪೊರೆಯನ್ನು ಸಡಿಲಿಸುವುದರಿಂದ ಹಣ್ಣಿನೊಳಗಿನ ತೇವ ಬೇಗ ಹೊರಬರುತ್ತದೆ. ನೆರಳು ಮತ್ತು ಒಣ ಗಾಳಿ ಎರಡೂ ಸಿಕ್ಕರೆ ಎರಡು ವಾರದ ಆಸುಪಾಸಿನಲ್ಲಿ, ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಕೈಗೆ ಬರುತ್ತದೆ. ಆ ಎರಡು ವಾರಗಳಲ್ಲಿ ಅಕಾಲದ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಆಕೆಯ ತಂದೆ ಬೊಗಸೆ ತುಂಬ ಒಣಗಿದ ಕಾಳು ಹಿಡಿದು, ಹಸಿರು ಉಳಿದದ್ದನ್ನೂ ಕಪ್ಪಿಟ್ಟದ್ದನ್ನೂ ಬೆರಳಿನಿಂದ ಬೇರೆ ಮಾಡಿ ತೋರಿಸಿದರು. ಒಂದೇ ಗೊನೆಯ ಹಣ್ಣು, ಎರಡು ದರ.

ಅವರ ಮುಂದೆ ಮೂರು ದಾರಿಗಳಿದ್ದವು. ಹಸಿ ಹಣ್ಣನ್ನು ತೋಟದಲ್ಲೇ ವ್ಯಾಪಾರಿಗೆ ಕೊಡಬಹುದು. ಒಣಗಿಸಿ ಕೂಡಲೇ ಮಹಾರಾಷ್ಟ್ರದ ತಾಸಗಾಂವ ಅಥವಾ ಸಾಂಗಲಿಯ ಪೇಟೆಗೆ ಒಯ್ಯಬಹುದು. ಇಲ್ಲವೇ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದಸರಾ, ದೀಪಾವಳಿಯ ಬೇಡಿಕೆಗೆ ಕಾಯಬಹುದು. ಮಗಳ ವರದಿಯಲ್ಲಿ ಮೂರನೆಯದೇ ಸರಿಯೆಂದು ತೀರ್ಮಾನವಾಗಿತ್ತು. ಅದನ್ನು ಕೇಳಿದ ತಂದೆ ಶಾಂತವಾಗಿ, “ಯಾವಾಗ ಮಾರಬೇಕನ್ನೋದು ನನ್ನ ಕೈಯಾಗ ಇಲ್ರಿ ಸರ್, ಸಾಲದ ಕಂತಿನ ಕೈಯಾಗ ಐತ್ರಿ” ಎಂದರು. ಹಿಂದೊಮ್ಮೆ ಹಸಿ ಹಣ್ಣು ಒಯ್ದ ವ್ಯಾಪಾರಿಯೊಬ್ಬ ದುಡ್ಡು ಕೊಡದೆ ತಿಂಗಳುಗಟ್ಟಲೆ ಸತಾಯಿಸಿದ ಮೇಲೆ ಮೊದಲನೆಯ ದಾರಿಯನ್ನು ಅವರು ಶಾಶ್ವತವಾಗಿ ಬಿಟ್ಟಿದ್ದರು. ನನ್ನ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಓದಿಯೂ ಗ್ರಹಿಸದಿದ್ದುದು ಅವರಿಗೆ ಸಾಲದ ಕಂತಿನ ಆ ಒಂದು ಮಾತಿನಲ್ಲಿ ತಿಳಿಯಿತು: ಕಾಯುವ ಶಕ್ತಿಯೂ ಒಂದು ಸಂಪನ್ಮೂಲ, ಕೊಳ್ಳುವವನ ಹಿಡಿತ ಬಿಗಿಯಾಗುವುದು ಮಾರುವವನಿಗೆ ಕಾಯಲಾಗದ ಹೊತ್ತಿನಲ್ಲಿ.

ಹಾಗಾದರೆ ಇಲ್ಲಿಯೇ ದೊಡ್ಡ ಕೋಲ್ಡ್ ಸ್ಟೋರೇಜ್ ಕಟ್ಟಿದರೆ ಆಯಿತಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಬಹಳ ಜನ ಕೇಳುವ ಪ್ರಶ್ನೆ ಇದು, ಇದರ ಹಿಂದಿನ ಕಾಳಜಿಯೂ ಪ್ರಾಮಾಣಿಕವಾದದ್ದು. ಶೇಖರಣೆಯ ಅನುಕೂಲ ಇಲ್ಲಿ ಹೆಚ್ಚಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಾಸಗಾಂವದಲ್ಲಿ ಇರುವುದು ಕಟ್ಟಡವಷ್ಟೇ ಅಲ್ಲ. ಅಲ್ಲಿ ಕೊಳ್ಳುವವರು ಬರುವುದು ಮಾಲು ಬರುತ್ತದೆ ಎಂದು, ಮಾಲು ಬರುವುದು ಕೊಳ್ಳುವವರು ಇದ್ದಾರೆ ಎಂದು. ಆ ಎರಡರ ನಡುವೆ ಸವಾಲಿನ (ಹರಾಜಿನ) ಪದ್ಧತಿ, ಮುಂಗಡ, ತೂಕದ ಮೇಲಿನ ನಂಬಿಕೆ ಇವೆಲ್ಲ ವರ್ಷಗಳ ಒಡನಾಟದಿಂದ ಬೆಳೆದು ನಿಂತಿವೆ. 1991ರಲ್ಲಿ ಅಮೆರಿಕದ ನಿರ್ವಹಣಾ ವಿದ್ವಾಂಸ ಜೇ ಬಾರ್ನಿ ಬರೆದ ಪ್ರಸಿದ್ಧ ಲೇಖನದ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಒಂದು ಸಂಪನ್ಮೂಲ ಬೆಲೆಯುಳ್ಳದ್ದೇ, ವಿರಳವೇ, ಇತರರು ನಕಲು ಮಾಡಲು ಕಷ್ಟವೇ, ಅದಕ್ಕೆ ಬದಲಿ ಇಲ್ಲವೇ? ನಮ್ಮ ಒಣ ಹವೆ ಬೆಲೆಯುಳ್ಳದ್ದು ನಿಜ, ಆದರೆ ಅದು ಪಕ್ಕದ ಸೋಲಾಪುರಕ್ಕೂ ಸಾಂಗಲಿಗೂ ಇದೆ. ಕಟ್ಟಡವನ್ನು ದುಡ್ಡಿದ್ದವರು ಯಾರಾದರೂ ಕಟ್ಟಬಹುದು. ನಕಲು ಮಾಡಲು ಕಷ್ಟವಾದದ್ದು ಪೇಟೆಯ ನಂಬಿಕೆ, ಅದನ್ನು ಇಲ್ಲಿ ಬೆಳೆಸುವುದು ಹೇಗೆ ಎಂಬುದೇ ಚರ್ಚೆಯ ವಸ್ತು. ಅಂದು ಆ ಶೆಡ್ಡಿನ ನೆರಳಿನಲ್ಲಿ ಒಂದೂವರೆ ಗಂಟೆ ವಾದ ನಡೆಯಿತು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಇಬ್ಬರು ಅಲ್ಲಿ ಅಪ್ಪಟ ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ವಾದಿಸಿದರು.

ಅಮೆರಿಕದ ವಿಮಾನ ಸಂಸ್ಥೆಗಳ, ತಂಪು ಪಾನೀಯಗಳ ಕೇಸ್‌ಗಳನ್ನು (ಅಂದರೆ ನಿಜವಾದ ಸಂಸ್ಥೆಯೊಂದರ ಸಂದರ್ಭವನ್ನು ಚರ್ಚೆಗಿಡುವ ಬರಹಗಳನ್ನು) ಓದಿಸಬಾರದು ಎಂದು ನಾನು ಹೇಳುತ್ತಿಲ್ಲ. ಅವುಗಳಿಂದ ನಾನೂ ಕಲಿತಿದ್ದೇನೆ. ಇಂಗ್ಲಿಷ್ ಬೇಡ ಎಂದೂ ಅಲ್ಲ, ಕೆಲಸ ಹುಡುಕುವ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಆ ಕೇಸ್‌ಗಳ ಉತ್ತರ ಈಗಾಗಲೇ ಎಲ್ಲರಿಗೂ ಗೊತ್ತಿದೆ, ಗೆದ್ದವರು ಯಾರು ಎಂದು ತಿಳಿದ ಮೇಲೆ ಗೆಲುವಿಗೆ ಕಾರಣ ಬರೆಯುವುದು ಸುಲಭ. ಉತ್ತರ ಗೊತ್ತಿಲ್ಲದಾಗ, ಕೈಯಲ್ಲಿರುವ ದುಡ್ಡು ಕಡಿಮೆ ಇರುವಾಗ, ಆಕಾಶದಲ್ಲಿ ಮೋಡ ಕಾಣಿಸಿಕೊಂಡಾಗ ಒಂದನ್ನು ಹಿಡಿದು ಮತ್ತೊಂದನ್ನು ಬಿಡುವ ಅಭ್ಯಾಸ ಆಗಬೇಕಾದರೆ ನಡೆಯುತ್ತಿರುವ ಕೇಸ್ ಬೇಕು. ಬಾಗಲಕೋಟೆಯವರಿಗೆ ಇಳಕಲ್ಲಿನ ಮಗ್ಗಗಳಿವೆ, ಬೆಳಗಾವಿಯವರಿಗೆ ಉದ್ಯಮಬಾಗದ ಫೌಂಡ್ರಿಗಳಿವೆ, ಕಬ್ಬಿನ ಕಾರ್ಖಾನೆಗಳಂತೂ ಮೂರೂ ಜಿಲ್ಲೆಗಳಲ್ಲಿವೆ. ಇವುಗಳ ಬಗ್ಗೆ ಸಂಖ್ಯೆಗಳ ಸಮೇತ, ನಿರ್ಧಾರ ಮಾಡುವವರ ತೊಡಕುಗಳ ಸಮೇತ ಬರೆದ ಇಪ್ಪತ್ತು ಕನ್ನಡ ಕೇಸ್‌ಗಳನ್ನಾದರೂ ನಮ್ಮ ಕಾಲೇಜುಗಳ ಅಧ್ಯಾಪಕರು ಕೂಡಿ ಸಿದ್ಧಪಡಿಸಬೇಕು. ಪ್ರಶ್ನೆಪತ್ರಿಕೆಯಲ್ಲಿ ‘ಐದು ಬಲಗಳನ್ನು ವಿವರಿಸಿ’ ಎಂಬುದರ ಜಾಗದಲ್ಲಿ ‘ಈ ಬೆಳೆಗಾರ ಏನನ್ನು ಬಿಡಬೇಕು, ಏಕೆ’ ಎಂಬ ಪ್ರಶ್ನೆ ಬರಬೇಕು.

ಆ ವಿದ್ಯಾರ್ಥಿನಿ ವರದಿಯನ್ನು ಮತ್ತೆ ಬರೆದಳು. ಬ್ರ್ಯಾಂಡ್, ಆನ್‌ಲೈನ್, ರಫ್ತು ಮೂರನ್ನೂ ಈ ಎರಡು ವರ್ಷದ ಮಟ್ಟಿಗೆ ಕೈಬಿಟ್ಟಳು. ಕಂತಿಗೆ ಸಾಲುವಷ್ಟು ಮಾಲನ್ನು ಏಪ್ರಿಲ್‌ನಲ್ಲೇ ಮಾರಿ, ಹಸಿರು ಬಣ್ಣ ಉಳಿದ ಮೇಲ್ದರ್ಜೆಯ ಕಾಳನ್ನು ಮಾತ್ರ ದೀಪಾವಳಿಯವರೆಗೆ ಇಡಬೇಕು; ಬ್ರ್ಯಾಂಡಿಗೆಂದು ತೆಗೆದಿಟ್ಟ ಹಣದಲ್ಲಿ ಮಳೆಯಿಂದ ಕಾಯಲು ಶೆಡ್ಡಿಗೆ ಒಳ್ಳೆಯ ಹೊದಿಕೆ ಹಾಕಿಸಬೇಕು ಎಂದು ಲೆಕ್ಕ ಸಹಿತ ತೋರಿಸಿದಳು. ತಂದೆ ಹೊದಿಕೆಗೆ ಒಪ್ಪಿದರು. ಮಾಲು ಇಡುವ ವಿಷಯದಲ್ಲಿ, ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಕೂಡಿಸಿ ಇನ್ನೊಮ್ಮೆ ಲೆಕ್ಕ ಹಾಕು ಎಂದು ಕಾಗದವನ್ನು ಮಗಳ ಕೈಗೇ ಮರಳಿಸಿದರು.